ಮೊದಲು ಬೆರಳು

ಬರ್ಮಿಂಗ್‌ಹ್ಯಾಮಿನ ನಮ್ಮ ಶೂಟಿಂಗ್ ಕ್ಲಬ್ಬಿನಲ್ಲಿ ಧಾರವಾಡದ ಅಜ್ಜರೊಬ್ಬರು ಹಳೇ ಕಾಲದ ಕೇಪಿನ ರಿವಾಲ್ವರ್‌ಗಳಿಗೆ ಹೊಸ ನಿಪ್ಪಲ್ ಕೂರಿಸುತ್ತಿದ್ದರು. ಕೇಪು ಸಿಕ್ಕಿಸುವ ಆ ಪುಟ್ಟ ಕೊಳವೆಯನ್ನು ಸ್ಪ್ಯಾನರ್ ಹಿಡಿಯುವ ಮುಂಚೆ ಕೈಯಿಂದಲೇ ತಿರುಗಿಸುವಾಗಲೆಲ್ಲ ಒಂದೇ ಮಾತು: “ಮೊದ್ಲ ಬೆರಳು, ಆಮ್ಯಾಲ ಪಾನಾ.”

ಅವರ ಕಣ್ಣು ಮಂಜಾದಾಗ, ಇನ್ನು ಈ ಕೆಲಸ ಬಿಡಿಸಬೇಕೆಂದು ಕ್ಲಬ್ಬಿನಲ್ಲಿ ಗುಸುಗುಸು ಎದ್ದಿತು. ನಾನು ಡಾಕ್ಟರಾದರೂ ಕೀಟಲೆಯಲ್ಲಿ ನನ್ನನ್ನು ಮೀರಿಸುವವರು ಆ ಊರಿನಲ್ಲೇ ಇರಲಿಲ್ಲ. ಅವರ ಆರು ನಿಪ್ಪಲ್‌ಗಳಲ್ಲಿ ಒಂದನ್ನು ತೆಗೆದು, ಬೇರೆ ಅಳತೆಯ ಥ್ರೆಡ್ಡಿನದನ್ನು ಇಟ್ಟೆ. ಅದನ್ನು ಪಾನಾ ಹಾಕಿ ಬಿಗಿದರೆ ಸಿಲಿಂಡರ್ ಹಾಳು, ಅವರ ಕೆಲಸಕ್ಕೂ ಕತ್ತರಿ. ಅವರು ಕೆಲಸಕ್ಕೆ ಕೂತಾಗ ಎಲ್ಲರೂ ಸುತ್ತ ನಿಂತು ನೋಡಿದರು.

ನಾಲ್ಕನೆಯದಕ್ಕೆ, ಅರ್ಧ ಸುತ್ತಿಗೇ ಬೆರಳು ನಿಂತಿತು. ತಲೆಯೆತ್ತದೆ ಅದನ್ನು ಬಿಚ್ಚಿ ನನ್ನ ಚಹಾದೊಳಗೆ ಹಾಕಿದರು.

“ಡಾಕ್ಟ್ರ, ಇದು ನಿಮ್ದ. ಕುಡೀರಿ, ಕಣ್ಣಿಗೆ ಛಲೋ.”

ಗುಸುಗುಸು ಅಂದೇ ನಿಂತಿತು. ಅವರ ಕೆಲಸ ಉಳಿಸಿದವನು ನಾನೇ ಎಂದು ಇವತ್ತಿಗೂ ಕೊಚ್ಚಿಕೊಳ್ಳುತ್ತೇನೆ.