ಬಿಸಿಯಲ್ಲಿ ಹತ್ತುವ ದೀಪ

ತಲೆಯ ಅರ್ಧ ಕೂದಲು ನೆರೆತ ಮೇಲೂ ಒಬ್ಬ ಮನುಷ್ಯನನ್ನು ಬೀದಿಯವರೆಲ್ಲ ‘ತಮ್ಮಯ್ಯ’ ಎಂದೇ ಕರೆಯುತ್ತಿದ್ದರೆ, ಅವನಿಗೊಬ್ಬ ಅಣ್ಣನಿದ್ದಾನೆ, ಆ ಅಣ್ಣನ ನೆರಳು ಬಹಳ ಉದ್ದವಾಗಿದೆ ಎಂದು ತಿಳಿಯಬೇಕು. ನಮ್ಮ ತಮ್ಮಯ್ಯನ ಕಸುಬು ಕಾರುಗಳ ವಿದ್ಯುತ್ ಕೆಲಸ. ಅಣ್ಣನ ಗ್ಯಾರೇಜಿನಲ್ಲಿ ಅವನು ಮೀಸೆ ಮೂಡುವ ಮೊದಲು ಕಾಲಿಟ್ಟವನು. ಮೀಸೆ ಬೆಳ್ಳಗಾದಾಗಲೂ ಅಲ್ಲೇ ಇದ್ದ.

ಆ ಗ್ಯಾರೇಜು ತಗಡಿನ ಸೂರಿನ, ಉದ್ದವಾದ, ಕಿರಿದಾದ ಒಂದೇ ಕೋಣೆ. ಬಾಗಿಲು ಒಂದೇ, ಬೀದಿಯ ಕಡೆಗೆ. ನಡುವೆ ಆಳೆತ್ತರದ ಗುಂಡಿ. ಅದರೊಳಗೆ ನಿಂತು, ಮೇಲೆ ನಿಲ್ಲಿಸಿದ ಕಾರಿನ ಹೊಟ್ಟೆಯ ಕೆಲಸ ಮಾಡಬೇಕು. ಗುಂಡಿಯ ಮೆಟ್ಟಿಲುಗಳು ಬಾಗಿಲ ಕಡೆಗೇ ಇದ್ದುದರಿಂದ ತಮ್ಮಯ್ಯ ಮೊದಲು ಇಳಿಯಬೇಕಿತ್ತು; ಅನಂತರ ಅಣ್ಣ ಕಾರನ್ನು ಅವನ ತಲೆಯ ಮೇಲೆ ತಂದು ನಿಲ್ಲಿಸುತ್ತಿದ್ದ. ನಿಲ್ಲಿಸಿದೊಡನೆ ಮೆಟ್ಟಿಲು ಮುಚ್ಚಿಹೋಗುತ್ತಿತ್ತು, ಕೀಲಿಕೈ ಅಣ್ಣನ ಜೇಬು ಸೇರುತ್ತಿತ್ತು. “ಅಣ್ಣಾ, ಗಾಡಿ ತೆಗಿ” ಎಂಬ ಮಾತನ್ನು ತಮ್ಮಯ್ಯ ತನ್ನ ಆಯುಷ್ಯದಲ್ಲಿ ಎಷ್ಟು ಸಲ ನುಡಿದನೋ ದೇವರೇ ಬಲ್ಲ.

ಅಣ್ಣ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಕೆಟ್ಟವರ ಹಿಡಿತದಿಂದ ಬಿಡಿಸಿಕೊಳ್ಳುವುದು ಸುಲಭ. ಅವನ ಬಲ ಮುಂದೋಳಿನ ಮೇಲೆ ಮಣಿಕಟ್ಟಿನಿಂದ ಮೊಣಕೈವರೆಗೆ ಸುಕ್ಕುಗಟ್ಟಿದ, ಹೊಳೆಯುವ ಒಂದು ಕಲೆಯಿದೆ. ತಮ್ಮಯ್ಯ ಹೊಸದಾಗಿ ಕೆಲಸಕ್ಕೆ ಸೇರಿದ್ದ ಕಾಲದಲ್ಲಿ ಕಾಲು ಜಾರಿ, ಎಂಜಿನ್ನಿನ ಕೆಂಪಗೆ ಕಾದ ಹೊಗೆ ಕೊಳವೆಯ ಮೇಲೆ ಮುಖವಿಟ್ಟು ಬೀಳುವವನಿದ್ದ. ಅಣ್ಣ ನಡುವೆ ತನ್ನ ತೋಳನ್ನು ಚಾಚಿದ. ತಮ್ಮನ ಮುಖ ಉಳಿಯಿತು, ತೋಳು ಬೆಂದಿತು. ಅಂದಿನಿಂದ ಗ್ಯಾರೇಜಿನಲ್ಲಿ ಒಂದು ಕಟ್ಟಳೆ ಹುಟ್ಟಿತು: ಬಿಸಿ ಎಂಜಿನ್ನಿಗೆ ಯಾರೂ ಕೈ ಹಾಕಬಾರದು. ಕಾರು ಬಂದರೆ ಬೀದಿಯ ನೆರಳಿನಲ್ಲಿ ಆರಬೇಕು. ಅಣ್ಣ ಅದರ ಬಾನೆಟ್ಟಿನ ಮೇಲೆ, ಜ್ವರ ಬಂದ ಮಗುವಿನ ಹಣೆಯನ್ನು ಮುಟ್ಟುವಂತೆ, ಅಂಗೈಯಿಟ್ಟು ನೋಡಿ “ಹೂಂ” ಎಂದ ಮೇಲೆಯೇ ತಮ್ಮಯ್ಯ ಗುಂಡಿಗೆ ಇಳಿಯಬೇಕು. ತನಗಾಗಿ ಬೆಂದ ತೋಳಿನ ಮುಂದೆ ಎದುರುತ್ತರ ಕೊಡುವ ನಾಲಿಗೆ ಯಾರಿಗಿದ್ದೀತು?

ಆದರೂ ಆ ವರ್ಷ ತಮ್ಮಯ್ಯ ಬಾಯಿ ಬಿಟ್ಟ. ಬೀದಿಯ ತಿರುವಿನಲ್ಲಿ ಅಂಗಡಿಯಿಟ್ಟಿದ್ದ ಮುದಿ ದರ್ಜಿ ಕಣ್ಣು ಮಂಜಾಗಿ ಕಸುಬು ಬಿಡುವವನಿದ್ದ. ಅವನ ಕೋಣೆಯನ್ನು ಹಿಡಿದು ಸ್ವಂತ ಕೆಲಸ ಆರಂಭಿಸಬೇಕೆಂದು ತಮ್ಮಯ್ಯನ ಆಸೆ. ತಿಂಗಳ ಕೊನೆಯವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡುತ್ತೇನೆ ಎಂದಿದ್ದ ದರ್ಜಿ. ಅಣ್ಣ ಎಲ್ಲವನ್ನೂ ಕೇಳಿಸಿಕೊಂಡು, ಕೈಯ ಗ್ರೀಸು ಒರೆಸಿಕೊಳ್ಳುತ್ತ ಹೇಳಿದ:

“ಹೋಗು, ಬೇಡ ಅನ್ನಲ್ಲ. ಆ ನರ್ಸಮ್ಮನ ಗಾಡಿ ದೀಪ ಆರಿಸಿ ಹೋಗು. ಅರ್ಧ ಬಿಟ್ಟ ಕೆಲಸ ನಮ್ಮ ಮನೇಲಿಲ್ಲ.”

ತಮ್ಮಯ್ಯ ಮಾತು ಕೊಟ್ಟ. ಕೊಟ್ಟ ಮಾತು ಎರಡನೆಯ ಗುಂಡಿಯಾಯಿತು.

ನರ್ಸಮ್ಮ ಹೆರಿಗೆ ಮಾಡಿಸುವವಳು. ಏರುದಾರಿಯ ಆಚೆಯ ಹಳ್ಳಿಗಳಿಗೆಲ್ಲ ತನ್ನ ಹಳೆಯ ಕಾರಿನಲ್ಲೇ ಹೋಗಿಬರುವವಳು. ಆ ಕಾರಿನ ಮುಂದಿನ ಫಲಕದಲ್ಲಿ ಒಂದು ಹಳದಿ ದೀಪ ಆಗಾಗ ಹತ್ತುತ್ತಿತ್ತು. ಹೊಗೆ ಕೊಳವೆಯಲ್ಲಿ ಆಕ್ಸಿಜನ್ ಸೆನ್ಸರ್ ಎಂಬ ಬೆರಳುದ್ದದ ಸಾಧನವೊಂದಿರುತ್ತದೆ. ಹೊಗೆಯನ್ನು ಮೂಸಿ ನೋಡಿ, ಇಂಧನ ಸರಿಯಾಗಿ ಉರಿಯುತ್ತಿದೆಯೇ ಎಂದು ಕಾರಿನ ಕಂಪ್ಯೂಟರಿಗೆ ವರದಿ ಮಾಡುವುದು ಅದರ ಕೆಲಸ. ತಣ್ಣಗಿದ್ದರೆ ಅದಕ್ಕೆ ವಾಸನೆ ಹತ್ತುವುದಿಲ್ಲ. ಅದನ್ನು ಬೆಚ್ಚಗಿಡಲು ಒಳಗೊಂದು ಪುಟ್ಟ ಹೀಟರು ಉಂಟು. ಆ ಹೀಟರಿಗೆ ವಿದ್ಯುತ್ತು ಸರಿಯಾಗಿ ಹರಿಯುತ್ತಿಲ್ಲವೆಂದು ಕಂಪ್ಯೂಟರು ದೂರುತ್ತಿತ್ತು. ಒಮ್ಮೆ ದೂರುತ್ತಿತ್ತು, ಮತ್ತೊಮ್ಮೆ ಸುಮ್ಮನಿರುತ್ತಿತ್ತು. ದೀಪ ಹತ್ತಿರುವ ಗಾಡಿಗೆ ಹೊಗೆ ತಪಾಸಣೆಯ ಚೀಟಿ ಸಿಗುವುದಿಲ್ಲ. ಈಗಿರುವ ಚೀಟಿಯ ಗಡುವು ತೀರಿದರೆ ನರ್ಸಮ್ಮ ರಸ್ತೆಗಿಳಿಯುವಂತಿಲ್ಲ.

ತಮ್ಮಯ್ಯ ಸೆನ್ಸರನ್ನೇ ಬದಲಿಸಿದ. ಫ್ಯೂಸು ನೋಡಿದ. ತಂತಿಯ ಜೋಡಣೆಯನ್ನು ಬಿಚ್ಚಿ ಕನ್ನಡಿಯಂತೆ ಉಜ್ಜಿದ. ತನ್ನ ಮೀಟರನ್ನು ಹಿಡಿದು ಅಳೆದರೆ ವಿದ್ಯುತ್ತು ತುಂಬಿ ತುಳುಕುತ್ತಿತ್ತು. ದೀಪ ಆರುತ್ತಿತ್ತು, ಕಾರು ಹೋಗುತ್ತಿತ್ತು, ಕೆಲವೇ ದಿನಗಳಲ್ಲಿ ಹಳದಿ ಕಣ್ಣು ಬಿಟ್ಟುಕೊಂಡು ಮರಳುತ್ತಿತ್ತು. ಎದುರಂಗಡಿಯ ಬೀಗ ರಿಪೇರಿಯವನಿಗೆ ಅದೊಂದು ಹಬ್ಬ. “ತಮ್ಮಯ್ಯ, ಮಗಳು ಬಂದ್ಲು ನೋಡು. ಈ ಗಾಡಿಗೆ ತವರುಮನೆ ಇದೇ ಅಂತ ಕಾಣುತ್ತೆ” ಎಂದು ಬೀದಿಯ ಆ ಬದಿಯಿಂದಲೇ ಕೂಗುತ್ತಿದ್ದ. ದೀಪದ ತಂತಿಯನ್ನೇ ಕತ್ತರಿಸಿಬಿಡು, ಆಮೇಲೆ ಅದು ಹತ್ತುವುದು ಹೇಗೆ ಎಂಬ ಉಪದೇಶವೂ ಅವನದೇ.

ಆ ಉಪದೇಶ ತಮ್ಮಯ್ಯನ ಮನಸ್ಸಿಗೆ ನಾಟದೆ ಇರಲಿಲ್ಲ. ದೀಪ ಆರಿದ ಯಾವುದೇ ಬೆಳಿಗ್ಗೆ ‘ಮುಗಿಯಿತು’ ಎಂದು ಹೇಳಿ, ಸಾಮಾನಿನ ಪೆಟ್ಟಿಗೆ ಎತ್ತಿಕೊಂಡು ಹೊರಟಿದ್ದರೆ ಕೇಳುವವರು ಯಾರಿದ್ದರು? ಆದರೆ ದೇವರು ಕೆಲವರ ಎದೆಯಲ್ಲೂ ಇಂಥದೊಂದು ದೀಪವನ್ನಿಟ್ಟಿರುತ್ತಾನೆ. ಅದರ ತಂತಿ ಕತ್ತರಿಗೆ ಸಿಗುವುದಿಲ್ಲ. ತಮ್ಮಯ್ಯ ಹೋಗಲಾರದವನಾದ, ಇರಲಾರದವನೂ ಆದ. ಹೊಸ ಕೋಣೆಗೆಂದು ಹೆಂಡತಿ ಆಗಲೇ ಒಂದು ಪರದೆ ಹೊಲಿದು ಮಡಚಿಟ್ಟಿದ್ದಳು. ಅವಳು ಬೇರೆ ಏನನ್ನೂ ಕೇಳಲಿಲ್ಲ. ಒಂದು ಸಂಜೆ ಬಡಿಸುತ್ತ ಮಾತ್ರ, “ಆ ದೀಪ ನಿಮ್ಮಣ್ಣನ ಮಾತು ಕೇಳುತ್ತೆ ಅನ್ಸುತ್ತೆ” ಎಂದಳು. ತಮ್ಮಯ್ಯ ತಲೆಯೆತ್ತದೆ ಉಂಡೆದ್ದ.

ತಿಂಗಳು ಮುಗಿಯುತ್ತ ಬಂದಿತ್ತು. ಕಾರು ಮತ್ತೊಮ್ಮೆ ಬಂತು. ಎಂದಿನಂತೆ ಅದು ನೆರಳಿನಲ್ಲಿ ಆರುತ್ತಿರುವಾಗ ನರ್ಸಮ್ಮ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಳಿತು ಕಾಲು ನೀವಿಕೊಳ್ಳುತ್ತಿದ್ದಳು. ದೀಪ ಯಾವಾಗ ಹತ್ತುತ್ತದೆ ಎಂದು ತಮ್ಮಯ್ಯ ಇನ್ನೊಮ್ಮೆ ಕೇಳಿದ. ಏರು ಹತ್ತಿ ಬರುವಾಗ ಹತ್ತುತ್ತದೆ, ರಾತ್ರಿ ನಿಲ್ಲಿಸಿ ಬೆಳಿಗ್ಗೆ ಹೊರಟರೆ ಎಷ್ಟೋ ಸಲ ಇರುವುದಿಲ್ಲ ಎಂದಳು. ಆಮೇಲೆ, ಬಾನೆಟ್ಟಿನ ಮೇಲೆ ಅಂಗೈಯಿಟ್ಟು ನಿಂತಿದ್ದ ಅಣ್ಣನ ಕಡೆ ನೋಡಿ, ಬೇಸರವಿಲ್ಲದ ದನಿಯಲ್ಲಿ ಹೀಗೆಂದಳು:

“ನೋವು ಬಂದಾಗ ನೋಡ್ಬೇಕಪ್ಪ. ನೋವು ನಿಂತ ಮೇಲೆ ಹೊಟ್ಟೆ ಮುಟ್ಟಿ ನೋಡಿದ್ರೆ ನಂಗೂ ಏನೂ ತಿಳಿಯಲ್ಲ.”

ತಮ್ಮಯ್ಯನಿಗೆ ಥಟ್ಟನೆ ಹೊಳೆಯಿತು. ತಾನು ಈವರೆಗೆ ಅಳೆದದ್ದೆಲ್ಲ ಆರಿದ ಕಾರನ್ನು. ಅಣ್ಣ ‘ಹೂಂ’ ಎನ್ನುವ ಹೊತ್ತಿಗೆ ರೋಗವೂ ಮಲಗಿಬಿಟ್ಟಿರುತ್ತಿತ್ತು. ತನ್ನನ್ನು ಕಾಯುವ ಕಟ್ಟಳೆಯೇ ತಪ್ಪನ್ನೂ ಕಾಯುತ್ತಿತ್ತು.

ಏರು ಹತ್ತಿಸಿ ತಂದು, ಎಂಜಿನ್ ಓಡುತ್ತಿರುವಾಗಲೇ ಕಾರನ್ನು ಗುಂಡಿಯ ಮೇಲೆ ನಿಲ್ಲಿಸಬೇಕೆಂದು ಅವನು ಅಣ್ಣನನ್ನು ಕೇಳಿದ. ಅಣ್ಣ ಆಗದೆಂದ. ತಮ್ಮಯ್ಯ ಮತ್ತೆ ಕೇಳಿದ. ಅಣ್ಣ ತೋಳಿನ ಕಲೆಯನ್ನು ಇನ್ನೊಂದು ಕೈಯಿಂದ ಸವರಿಕೊಂಡ, ಅಷ್ಟೆ. ಆಗ ತಮ್ಮಯ್ಯ ಅಲ್ಲಿಯವರೆಗೆ ಎಂದೂ ಆಡದ ಮಾತನ್ನು ಮೆಲ್ಲಗೆ ಆಡಿದ:

“ಅಣ್ಣ, ನನ್ನ ಮುಖ ಉಳಿಸಿದ್ದು ನೀನು. ಆದ್ರೆ ಅದು ನನ್ನ ಮುಖ.”

ಬೀಗ ರಿಪೇರಿಯವನು ಅರವನ್ನು ಕೆಳಗಿಟ್ಟು ಕಿವಿಗೊಟ್ಟ. ಅಣ್ಣ ಕಾರನ್ನು ಹತ್ತಿ ಏರಿನ ದಾರಿ ಹಿಡಿದ.

ಅವನು ಹಿಂದಿರುಗಿದಾಗ ಹಳದಿ ದೀಪ ಹತ್ತಿತ್ತು. ತಮ್ಮಯ್ಯ ಗುಂಡಿಯಲ್ಲಿ ಇಳಿದು ನಿಂತಿದ್ದ. ಹೊಗೆ ಬೀದಿಗೆ ಹೋಗುವಂತೆ ಕಾರಿನ ಬೆನ್ನು ಬಾಗಿಲಿನತ್ತ ಉಳಿಯಿತು, ಎಂಜಿನ್ನಿನ ಕಾವೆಲ್ಲ ಅವನ ತಲೆಯ ಮೇಲೆ ಬಂತು. ಮೆಟ್ಟಿಲು ಮುಚ್ಚಿತು. ಕಾದ ಕಬ್ಬಿಣದ ವಾಸನೆಗೆ ಗಂಟಲು ಒಣಗಿತು, ಹುಬ್ಬಿನ ಬೆವರು ಕಣ್ಣಿಗಿಳಿಯಿತು. ಅಣ್ಣ ಬಾನೆಟ್ಟು ಎತ್ತಿ, ನೋಯುವ ಮೊಣಕಾಲನ್ನು ಊರಿ, ಮೇಲಿನಿಂದ ಟಾರ್ಚು ಹಿಡಿದ. ತಮ್ಮಯ್ಯ ಸೆನ್ಸರಿನ ಜೋಡಣೆಯನ್ನು ಬಿಚ್ಚಿ, ಹೀಟರಿಗೆ ವಿದ್ಯುತ್ತು ತರುವ ತಂತಿಗೆ ಮೀಟರ್ ಹಿಡಿದ. ಅಂಕಿ ತುಂಬು ವಿದ್ಯುತ್ತನ್ನೇ ತೋರಿಸಿತು. ತಪ್ಪೇ ಇಲ್ಲ ಎನ್ನುತ್ತಿತ್ತು ಮೀಟರು; ತಪ್ಪಿದೆ ಎನ್ನುತ್ತಿತ್ತು ದೀಪ. ಆ ಕಾವಿನಲ್ಲಿ ನಿಂತು, ಹೊರಗಿನ ದಾರಿಯೆಲ್ಲ ಇಲ್ಲಿಗೇ ಮುಗಿಯಿತೆಂದು ಅವನಿಗನ್ನಿಸಿತು. ದರ್ಜಿಯ ಕೋಣೆ ಹೋಯಿತು, ಪರದೆ ಮಡಿಕೆಯಲ್ಲೇ ಉಳಿಯಿತು, ಇನ್ನು ಹೊರಬಂದರೂ ಒಂದೇ, ಬಿಟ್ಟರೂ ಒಂದೇ.

“ಮೀಟರ್ ಬಿಡು” ಎಂದಿತು ಮೇಲಿನಿಂದ ಅಣ್ಣನ ದನಿ. “ಬಲ್ಬ್ ಹಾಕಿ ನೋಡು.”

ಅಣ್ಣ ಇಳಿಬಿಟ್ಟದ್ದು ಎರಡು ತಂತಿ ಬೆಸೆದ ಒಂದು ಹಳೆಯ ಹೆಡ್‌ಲೈಟಿನ ಬಲ್ಬು. ಮೀಟರು ಬಂದ ಮೇಲೆ ತಮ್ಮಯ್ಯನೇ ಅದನ್ನು ಮೂಲೆಗೆ ಎಸೆದಿದ್ದ. ಮೀಟರು ತಂತಿಯಿಂದ ಏನನ್ನೂ ಬೇಡುವುದಿಲ್ಲ, ಇಣುಕಿ ನೋಡುತ್ತದೆ ಅಷ್ಟೆ. ಒಂದೇ ಎಳೆ ಉಳಿದಿದ್ದರೂ ಅದಕ್ಕೆ ಸಾಕು. ಬಲ್ಬು ಉರಿಯಬೇಕಾದರೆ ಹೀಟರಿನ ಹಾಗೆ ನಿಜವಾಗಿ ವಿದ್ಯುತ್ತನ್ನು ಕೇಳುತ್ತದೆ. ಮೇಲೆ ಕುಶಲವಾಗಿ ಕಾಣುವ ಮನುಷ್ಯನ ಮೇಲೂ ಭಾರ ಬಿದ್ದಾಗಲ್ಲವೇ ಒಳಗೆ ಎಷ್ಟು ಎಳೆ ಉಳಿದಿವೆಯೆಂದು ತಿಳಿಯುವುದು?

ಬಲ್ಬು ಉರಿಯಲಿಲ್ಲ, ಅದರೊಳಗಿನ ಎಳೆ ಬೂದಿ ಮುಚ್ಚಿದ ಕೆಂಡದಂತೆ ಮಂಕಾಗಿ ಕೆಂಪಾಯಿತು.

ಬೆರಳಿಗೆ ಬಟ್ಟೆ ಸುತ್ತಿಕೊಂಡು ತಮ್ಮಯ್ಯ ತಂತಿಯ ಜಾಡು ಹಿಡಿದು ಮೇಲಕ್ಕೆ ತಡವುತ್ತ ಹೋದ. ಗೇರ್‌ಬಾಕ್ಸಿನ ಪಕ್ಕದಲ್ಲಿ ಒಂದು ಕಬ್ಬಿಣದ ಕ್ಲಿಪ್ಪಿತ್ತು. ಅಲ್ಲಿ ತಂತಿಯನ್ನು ಒಂದಿಷ್ಟೂ ಸಡಿಲ ಬಿಡದೆ ಎಳೆದು ಬಿಗಿದು, ಮೇಲೆ ಕಪ್ಪು ಟೇಪನ್ನು ಒತ್ತೊತ್ತಾಗಿ ಸುತ್ತಲಾಗಿತ್ತು. ಅದನ್ನು ಸ್ವಲ್ಪ ಅಲುಗಿಸಿದರೆ ಬಲ್ಬು ಪ್ರಕಾಶವಾಗಿ ಹತ್ತಿತು, ಬಿಟ್ಟರೆ ಮಂಕಾಯಿತು. ಎಂಜಿನ್ ಕಾದು ತುಯ್ದಾಡುವಾಗಲೆಲ್ಲ ಸೆಳೆತ ತಾಳಲಾರದೆ ತಾಮ್ರದ ಎಳೆಗಳು ಹೊದಿಕೆಯೊಳಗೇ ಹರಿದಿದ್ದವು. ತಣ್ಣಗಾದರೆ ತುದಿಗಳು ಮತ್ತೆ ಮುಟ್ಟಿಕೊಂಡು ಏನೂ ಆಗಿಲ್ಲವೆಂಬಂತೆ ನಟಿಸುತ್ತಿದ್ದವು.

ಆ ಟೇಪಿನ ಸುತ್ತು ಯಾರದೆಂದು ಇಬ್ಬರಿಗೂ ಗೊತ್ತಿತ್ತು. ಅಣ್ಣ ಕಟ್ಟಿದ ತಂತಿ ಎಂದೂ ಗಲಗಲಿಸದು ಎಂಬುದು ಆ ಗ್ಯಾರೇಜಿನ ಹೆಮ್ಮೆ. ಹಿಂದೊಮ್ಮೆ ಗೇರ್‌ಬಾಕ್ಸು ಇಳಿಸಿದ್ದಾಗ ಈ ತಂತಿಯನ್ನು ಅವನೇ ಕಟ್ಟಿದ್ದ.

“ನಾನೇ ಕಟ್ಟಿದ್ದು” ಎಂದ ಅಣ್ಣ. ಆಮೇಲೆ, ಹೊಸ ತಂತಿ ಎಷ್ಟುದ್ದ ಹಾಕುತ್ತೀಯೆಂದು ಕೇಳಿದ. ತಮ್ಮಯ್ಯ ಎರಡು ಕೈಗಳನ್ನು ಅಗಲಿಸಿ ತೋರಿಸಿದ.

“ಇನ್ನೂ ನಾಲ್ಕು ಬೆರಳು ಜಾಸ್ತಿ ಬಿಡು” ಎಂದ ಅಣ್ಣ.

ಹೊಸ ತಂತಿ ಹಾಕಿದ್ದಾಯಿತು. ನರ್ಸಮ್ಮ ಮರುದಿನ ಏರುದಾರಿಯ ಮನೆಯೊಂದರಲ್ಲಿ ಹೆರಿಗೆ ಮಾಡಿಸಿ, ಏರು ಹತ್ತಿದ ಎಂಜಿನ್ನಿನ ಬಿಸಿಯಲ್ಲೇ ಗ್ಯಾರೇಜಿಗೆ ಬಂದಳು. ಹೆಣ್ಣು ಮಗು, ಗಂಟಲು ಮಾತ್ರ ಬೀಗ ರಿಪೇರಿಯವನದಷ್ಟೇ ದೊಡ್ಡದು ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದಳು. ಅಣ್ಣ ಕಿಟಕಿಯೊಳಗೆ ಬಗ್ಗಿ ಫಲಕವನ್ನು ನೋಡಿದ. ಹಳದಿ ದೀಪ ಇರಲಿಲ್ಲ. ಬಹಳ ಹೊತ್ತು ಬಗ್ಗಿಯೇ ಇದ್ದ, ಹತ್ತೀತೇನೋ ಎಂದು ಕಾಯುವವನಂತೆ.

‘ಹೋಗು’ ಎಂದು ಅವನು ಹೇಳಲಿಲ್ಲ. ಗ್ಯಾರೇಜಿನೊಳಗಿದ್ದ ಇನ್ನೊಂದು ಕಾರನ್ನು ತಾನೇ ಹಿಮ್ಮುಖವಾಗಿ ಬೀದಿಗೆ ತಂದು ನಿಲ್ಲಿಸಿದ. ಕೋಣೆ ಎಂದೂ ಇಲ್ಲದಷ್ಟು ಅಗಲವಾಗಿ ಕಂಡಿತು, ಬಾಗಿಲು ಪೂರ್ತಿ ತೆರೆದಿತ್ತು. ದರ್ಜಿ ಕೊಟ್ಟ ಗಡುವಿಗೆ ಇನ್ನೂ ಒಂದು ದಿನವಿತ್ತು; ತಮ್ಮಯ್ಯ ಪೆಟ್ಟಿಗೆಯಲ್ಲಿ ತನ್ನ ಸಾಮಾನು ಜೋಡಿಸಿಕೊಂಡ. ಹೊಸ್ತಿಲು ದಾಟುವಾಗ ಅಣ್ಣ ಬೆನ್ನು ಹಾಕಿ ನಿಂತು, ಗೋಡೆಯ ಸ್ಪ್ಯಾನರುಗಳನ್ನು ಸುಮ್ಮನೆ ಸರಿಪಡಿಸುತ್ತಿದ್ದ.

“ಆ ಬಲ್ಬೂ ತಗೊಂಡು ಹೋಗು” ಎಂದ, ತಿರುಗದೆಯೇ. “ಬಿಸಿ ಇರುವಾಗ ಬಟ್ಟೆ ಸುತ್ಕೋ.”