ಓದಬೇಡ ಎಂದ ಹಾಳೆಯನ್ನು ಓದಿದ ಅಂಟಕ್ಕ

ಬೆಳಗಿನ ಆರು ಗಂಟೆ. ಸೈನಿಕ ದಾಖಲೆಗಳ ಕಚೇರಿಯ ನೆಲಮಾಳಿಗೆಯಲ್ಲಿ ಒಂದೇ ಒಂದು ಟ್ಯೂಬ್‌ಲೈಟು ನಾಲ್ಕು ಸಲ ಮಿಣುಕಿ, ಕೊನೆಗೂ ಹತ್ತಿಕೊಳ್ಳುತ್ತದೆ. ಅದರ ಕೆಳಗೆ ಉದ್ದನೆಯ ಮೇಜು, ಮೇಜಿನ ಮೇಲೆ ಗಾಜಿನ ಹಲಗೆ, ಗಾಜಿನ ಮೇಲೆ ಐದು ಚೂರಾಗಿರುವ ಒಂದು ಹಾಳೆ. ಐವತ್ತೇಳು ವರ್ಷದ ಹೆಂಗಸೊಬ್ಬಳು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು, ಉಸಿರು ಬಿಗಿಹಿಡಿದು ಆ ಚೂರುಗಳನ್ನು ಒಂದಕ್ಕೊಂದು ತಾಗಿಸುತ್ತಿದ್ದಾಳೆ. ಪಕ್ಕದ ಡಬ್ಬಿಯಲ್ಲಿ ಮನೆಯಿಂದ ಕಾಯಿಸಿ ತಂದ ಮೈದಾ ಅಂಟು ಇನ್ನೂ ಬೆಚ್ಚಗಿದೆ.

“ಹತ್ತು ಗಂಟೆಗೆ ಸಾಹೇಬ್ರು ಬರ್ತಾರೆ, ಬಂದ ಕೂಡ್ಲೇ ಫ್ಯಾನ್ ಹಾಕ್ತಾರೆ. ಈ ಕಾಗದ ಈರುಳ್ಳಿ ಸಿಪ್ಪೆ ಇದ್ದ ಹಾಗೆ. ಅಷ್ಟರಲ್ಲಿ ಒಣಗಿರ್ಲಿಲ್ಲ ಅಂದ್ರೆ ಒಬ್ಬರ ಕೈಕಾಲು ಇನ್ನೊಬ್ಬರ ಹಾಳೆಗೆ ಹೋಗಿ ಅಂಟ್ಕೊಳ್ಳತ್ತೆ,” ಎಂದು ನಗುತ್ತಾಳೆ.

ಕಚೇರಿಯಲ್ಲಿ ಎಲ್ಲರೂ ಇವಳನ್ನು ಕರೆಯುವುದು ಅಂಟಕ್ಕ ಎಂದೇ. ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ನಿಜವಾದ ಹೆಸರು ಎಲ್ಲೂ ಕೇಳಿಬರುವುದಿಲ್ಲ. ಕೆಲಸದ ಹೆಸರು ‘ಹಂಗಾಮಿ ದುರಸ್ತಿ ಸಹಾಯಕಿ’. ಮೂರು ತಿಂಗಳಿಗೆಂದು ಕರೆಸಿಕೊಂಡವರು ಇಪ್ಪತ್ತಮೂರು ವರ್ಷ ಕಳೆದರೂ ‘ಹಂಗಾಮಿ’ ಎಂಬ ಪದವನ್ನು ಕಿತ್ತಿಲ್ಲ. ದಿನಕ್ಕೆ ನಲವತ್ತು, ನಲವತ್ತೈದು ಹಾಳೆ. ನಾನೇ ಕೂತು ಗುಣಿಸಿದೆ: ಈ ಕೈಗಳು ಇದುವರೆಗೆ ಎರಡೂವರೆ ಲಕ್ಷಕ್ಕೂ ಹೆಚ್ಚು ಹಾಳೆಗಳಿಗೆ ಜೀವ ಕೊಟ್ಟಿವೆ.

ಆದರೆ ನಾನು ಅವಳನ್ನು ಹುಡುಕಿಕೊಂಡು ಹೋಗಿದ್ದು ಎರಡೂವರೆ ಲಕ್ಷ ಹಾಳೆಗಳಿಗಾಗಿ ಅಲ್ಲ. ಎರಡೇ ಎರಡು ಪುಟಗಳಿಗಾಗಿ. ಆ ಎರಡು ಪುಟಗಳನ್ನು ಓದಿದ ತಪ್ಪಿಗೆ ಈ ಕಚೇರಿ ಅವಳಿಗೆ ಮೆಮೊ ಕೊಟ್ಟಿದೆ.

ಅಂಟಕ್ಕನ ಓದು ಏಳನೇ ಕ್ಲಾಸಿಗೆ ನಿಂತಿತ್ತು. ಮದುವೆಯಾಗಿ ಬಂದ ಮನೆಯಲ್ಲಿ ಪುಸ್ತಕ ಕಟ್ಟುವ ಕೆಲಸ. ಗಂಡ ಬೇಗ ತೀರಿಕೊಂಡ. ಮಾವ ಸೊಸೆಯನ್ನು ಎದುರಿಗೆ ಕೂರಿಸಿಕೊಂಡು ಕಸುಬು ಕಲಿಸಿದರು. ಪುಟ ಜೋಡಿಸುವಾಗ ಸಂಖ್ಯೆ ನಂಬಬೇಡ, ಈ ಪುಟದ ಕೊನೆಯ ಮಾತು ನೋಡು, ಮುಂದಿನ ಪುಟದ ಮೊದಲ ಮಾತು ನೋಡು, ಎರಡೂ ಕೂಡಿಕೊಂಡರೆ ಮಾತ್ರ ಹೊಲಿ ಎಂದು ಹೇಳಿಕೊಟ್ಟವರು ಅವರೇ. “ನಮ್ಮ ಮಾವ ಬೈಯದೇ ಇದ್ದ ದಿನ ಇಲ್ಲ. ಆದ್ರೆ ಒಂದು ಪುಟ ಹಿಂದುಮುಂದಾಗೋಕೆ ಬಿಡ್ಲಿಲ್ಲ,” ಎನ್ನುತ್ತಾಳೆ.

ಈ ಕಥೆಯ ಇನ್ನೊಬ್ಬ ಮನುಷ್ಯನನ್ನು ಅವಳು ಮೊದಲು ನೋಡಿದ್ದು ಮೇಲಿನ ಪಡಸಾಲೆಯ ಬೆಂಚಿನ ಮೇಲೆ. ಸೈನ್ಯದಲ್ಲಿ ಟೆಲಿಫೋನ್ ತಂತಿ ಎಳೆಯುವ ಕೆಲಸ ಮಾಡಿದವನು. ಈಗ ಎಪ್ಪತ್ತೆಂಟು ವರ್ಷ. ಹೆಸರು ಕೇಳಿದರೆ ಮೊದಲು ಸೈನ್ಯದ ನಂಬರು ಹೇಳುತ್ತಾನೆ, ಹೆಸರು ಆಮೇಲೆ. ವರ್ಷಕ್ಕೊಮ್ಮೆ ಅರ್ಜಿ ಹಿಡಿದು ಬರುವುದು, ಸಂಜೆಯವರೆಗೆ ಕಾಯುವುದು, ಹೋಗುವುದು. ಒಂದು ಮಧ್ಯಾಹ್ನ ಬೂಟು ಕಳಚಿ ಕಾಲು ನೀವಿಕೊಳ್ಳುತ್ತಿದ್ದ. ಎರಡೂ ಪಾದಗಳಲ್ಲಿ ಬೆರಳುಗಳಿರಲಿಲ್ಲ. ಬೂಟಿನ ಮುಂಭಾಗಕ್ಕೆ ಹಳೆ ಬಟ್ಟೆ ತುರುಕಿದ್ದ.

“ಅಕ್ಕ, ಕೆಳಗಡೆ ನಮ್ಮ ಹಾಳೆಗಳು ಇನ್ನೂ ಇದಾವಾ, ಇಲ್ಲ ಗೆದ್ದಲು ತಿಂದ್ಬಿಟ್ಟಿದಾವಾ?” ಎಂದು ಕೇಳಿದನಂತೆ.

“ಇದಾವೆ ಅಣ್ಣ. ನಾನಿರೋವರ್ಗೂ ಇರ್ತಾವೆ.”

“ಹಾಗಾದ್ರೆ ನಾನು ಎಲ್ಲೂ ಓಡಿಹೋಗಿಲ್ಲ ಅಂತ ಅದ್ರಲ್ಲಿ ಎಲ್ಲೋ ಇರ್ಲೇಬೇಕು.”

ಅವನ ಕಥೆ ಇಷ್ಟು. ಐವತ್ತನಾಲ್ಕು ವರ್ಷಗಳ ಹಿಂದಿನ ಯುದ್ಧದಲ್ಲಿ, ತುಂಡಾದ ತಂತಿ ಸರಿಪಡಿಸಲು ಹೋದ ಮೂವರು ಶತ್ರುವಿನ ಕೈಗೆ ಸಿಕ್ಕರು. ಒಬ್ಬ ಶಿಬಿರದಲ್ಲೇ ಸತ್ತ. ಇನ್ನಿಬ್ಬರು, ಈ ತಂತಿಯವನು ಮತ್ತು ಅವರಿಗೆ ಬುತ್ತಿ ಹೊತ್ತುಕೊಂಡು ಜೊತೆಗೆ ಹೋಗಿದ್ದ ಪಡೆಯ ಅಡುಗೆಯವನು, ನಾನೂರ ಹನ್ನೆರಡು ದಿನ ಮುಳ್ಳುಬೇಲಿಯ ಒಳಗಿದ್ದರು. ಹಿಮದಲ್ಲಿ ಕಾಲ್ಬೆರಳು ಕಪ್ಪಾಗಿ ಉದುರಿದ್ದು ಅಲ್ಲೇ. ಕೈದಿಗಳ ವಿನಿಮಯವಾಗಿ ಗಡಿ ದಾಟಿ ಬಂದಾಗ ನೇರ ಆಸ್ಪತ್ರೆ, ಆಸ್ಪತ್ರೆಯಿಂದ ನೇರ ಮನೆ. ಕೈಯಲ್ಲೊಂದು ಬಿಡುಗಡೆ ಪತ್ರ.

ಮನೆಯಲ್ಲಿ ಓದು ಬಲ್ಲವನು ಅವನ ಅಣ್ಣ ಒಬ್ಬನೇ. ಬಾಗಿಲಲ್ಲಿ ನೆರೆದ ಬೀದಿಯವರೆಲ್ಲರ ಮುಂದೆ ಹೆಮ್ಮೆಯಿಂದ ಜೋರಾಗಿ ಓದತೊಡಗಿದ. “ಅನುಮತಿಯಿಲ್ಲದೆ ಗೈರುಹಾಜರು, ನಾನೂರ ಹನ್ನೆರಡು ದಿನ” ಎಂಬ ಸಾಲು ಬಂದಾಗ ದನಿ ಇಳಿಯಿತು. ಕಾಗದ ಮಡಚಿ ತಮ್ಮನ ಕೈಗೆ ಕೊಟ್ಟು ಒಳಗೆ ಹೋದವನು ಐವತ್ತೆರಡು ವರ್ಷ ಸರಿಯಾಗಿ ಮುಖ ಕೊಟ್ಟು ಮಾತಾಡಲಿಲ್ಲ. ಬೀದಿಯ ಬಾಯಿಗೆ ‘ಓಡಿಹೋದವನು’ ಎಂಬ ಅಡ್ಡಹೆಸರು ಸಿಕ್ಕಿತು. ಓಡಿಹೋದವನ ಹೆಂಡತಿ ಎಂದು ನಲ್ಲಿಯ ಹತ್ತಿರ ಕರೆಸಿಕೊಂಡೇ ಅವನ ಹೆಂಡತಿ ಬದುಕಿದಳು, ಹಾಗೆಯೇ ಕರೆಸಿಕೊಂಡು ಸತ್ತಳು. ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಯುದ್ಧಕೈದಿಗಳಿಗೆಂದೇ ಇರುವ ಚಿಕಿತ್ಸೆ ಅವನಿಗೆ ಸಿಗಲಿಲ್ಲ. ದಾಖಲೆಯ ಪ್ರಕಾರ ಅವನ ಬೆರಳುಗಳು ಎಲ್ಲಿ ಹೋದವೋ ಯಾರಿಗೂ ಗೊತ್ತಿಲ್ಲ!

ಈ ಅನ್ಯಾಯ ತಿದ್ದಿ ಎಂದು ಅರ್ಜಿ ಕೊಟ್ಟರೆ ಕಚೇರಿ ಏನು ಕೇಳಿತು ಗೊತ್ತೇ? ಸೆರೆಶಿಬಿರದ ಮುಖ್ಯಸ್ಥರಿಂದ ದೃಢೀಕರಣ ಪತ್ರ! ಶತ್ರುವಿನ ಸಹಿ, ಶತ್ರುವಿನ ಮೊಹರು! ಆ ಉತ್ತರದ ಪ್ರತಿಯನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದೂ ಆಗದಿದ್ದರೆ ಜೊತೆಗಿದ್ದ ಒಬ್ಬರ ಸಾಕ್ಷಿ ತರಬೇಕಂತೆ. ತಂತಿಯವನು ಅಡುಗೆಯವನನ್ನು ಕರೆತಂದ. ಅವನ ದಾಖಲೆಯಲ್ಲೂ ಅದೇ ‘ಗೈರುಹಾಜರು’. ಓಡಿಹೋದವನಿಗೆ ಓಡಿಹೋದವನ ಸಾಕ್ಷಿ ನಡೆಯುವುದಿಲ್ಲ ಎಂದು ಇಬ್ಬರನ್ನೂ ವಾಪಸು ಕಳಿಸಿದರು. ಬೇಲಿಯ ಒಳಗೆ ಒಂದೇ ಕಂಬಳಿ ಹೊದ್ದವರು ಒಬ್ಬರಿಗೊಬ್ಬರು ಸಾಕ್ಷಿಯಾಗಲು ಅನರ್ಹರು!

ಎರಡು ವರ್ಷದ ಹಿಂದೆ ನೆಲಮಾಳಿಗೆಯ ಪೈಪು ಒಡೆದು ಹಳೆಯ ಪುಸ್ತಕಗಳ ಒಂದು ಕಪಾಟು ನೆನೆಯಿತು. ಅದರಲ್ಲಿ ಗಡಿಯಲ್ಲಿ ಕೈದಿಗಳನ್ನು ಬರಮಾಡಿಕೊಂಡಾಗ ಬರೆದ ದಪ್ಪ ಪುಸ್ತಕವೂ ಇತ್ತು. ಅಂಟಕ್ಕ ಒಣಗಿಸಿ, ಮಾವ ಕಲಿಸಿದ ಹಾಗೆ ಕೊನೆಯ ಸಾಲು, ಮೊದಲ ಸಾಲು ನೋಡುತ್ತ ಬಂದಳು. ಎಂಬತ್ತೇಳನೇ ಪುಟದ ಕೊನೆಗೆ ಆ ದಿನ ಬಂದ ತಂಡದ ನಲವತ್ತನೇ ಕೈದಿ. ತಿರುವಿದರೆ ತೊಂಬತ್ತನೇ ಪುಟ. ಅದರ ಮೊದಲ ಸಾಲಿಗೆ ಅರವತ್ತೊಂದನೇ ಕೈದಿ.

“ನಡುವೆ ಇಪ್ಪತ್ತು ಜನ ಇಲ್ಲ. ಕೈಯಲ್ಲಿ ಮುಟ್ಟಿದ್ರೆ ಹಾಳೆ ದಪ್ಪ. ಎರಡು ಹಾಳೆ ಒಂದಾಗಿದ್ವು. ನೀರಿಂದ ಆಗಿದ್ದಲ್ಲ ಅದು. ಯಾವ ಕಾಲದಲ್ಲೋ ಯಾರೋ ಗೋಂದಿನ ಬಾಟ್ಲಿ ಉರುಳಿಸಿ, ಒರೆಸದೆ ಪುಸ್ತಕ ಮುಚ್ಚಿಟ್ಟಿದ್ರು.”

ಬಿಸಿ ಒದ್ದೆ ಬಟ್ಟೆ, ಒತ್ತುಕಾಗದ, ತೆಳ್ಳಗೆ ಸೀಳಿದ ಬಿದಿರಿನ ಕಡ್ಡಿ. ಮೂರು ಬೆಳಗು ಬೇಕಾಯಿತು. ನಾಲ್ಕನೇ ಬೆಳಗು ಹಾಳೆಗಳು ಬಿಟ್ಟುಕೊಂಡವು. ನಲವತ್ತೇಳನೇ ಸಾಲಿನಲ್ಲಿ ಆ ನಂಬರು! ಪಡಸಾಲೆಯಲ್ಲಿ ಮುದುಕ ಎಷ್ಟೋ ಸಲ ಹೇಳಿದ್ದ ನಂಬರು. ಪಕ್ಕದಲ್ಲಿ “ಎರಡೂ ಪಾದ ಹಿಮಹುಣ್ಣು, ಸ್ಟ್ರೆಚರ್” ಎಂಬ ಟಿಪ್ಪಣಿ. ನಲವತ್ತೆಂಟನೇ ಸಾಲಿನಲ್ಲಿ ಅಡುಗೆಯವನು.

ಅಂದರೆ ನಡೆದದ್ದು ಇಷ್ಟೇ. ಈ ಪುಸ್ತಕ ನೋಡಿ ಸೈನಿಕರ ದಾಖಲೆ ತುಂಬಿದ ಯಾರೋ ಗುಮಾಸ್ತನಿಗೆ ನಲವತ್ತರ ನಂತರ ಅರವತ್ತೊಂದು ಬಂದದ್ದು ವಿಚಿತ್ರ ಅನ್ನಿಸಲಿಲ್ಲ. ಇಪ್ಪತ್ತು ಮಂದಿ ಯೋಧರು ಓಡಿಹೋದವರಾಗಿದ್ದು ಯುದ್ಧಭೂಮಿಯಲ್ಲಿ ಅಲ್ಲ, ಒಂದು ಮೇಜಿನ ಮೇಲೆ, ಒಂದು ಬಾಟಲಿ ಗೋಂದಿನಿಂದ.

ಅಂಟಕ್ಕ ಪುಸ್ತಕ ಹೊತ್ತುಕೊಂಡು ಮೇಲೆ ಓಡಿದಳು. ಶಾಖಾಧಿಕಾರಿ ತಲೆ ಎತ್ತಲಿಲ್ಲ. “ನಿನ್ನ ಕೆಲಸ ಅಂಟಿಸೋದು, ಓದೋದಲ್ಲ. ಮುಚ್ಚಿ ಕಪಾಟಲ್ಲಿಡು.”

“ಓದದೆ ಜೋಡಿಸೋದು ಹೇಗೆ ಸಾರ್?”

“ಜಾಸ್ತಿ ಮಾತಾಡ್ಬೇಡ.”

ಅಂಟಕ್ಕ ಪುಸ್ತಕ ಎತ್ತಿಕೊಂಡಳು. ಕೆಳಗೆ ಬಂದು ದುರಸ್ತಿ ಪುಸ್ತಕ ತೆರೆದಳು. ದುರಸ್ತಿ ಮಾಡಿದ ಪ್ರತಿ ಹಾಳೆಗೂ ಅದರಲ್ಲಿ ಒಂದು ಸಾಲು ಬರೆಯಬೇಕು. ಕೊನೆಯ ಅಂಕಣದಲ್ಲಿ ‘ಹೊಸದಾಗಿ ಓದಲು ಸಿಕ್ಕ ಬರಹ’ ಎಂದಿದೆ. ಇಪ್ಪತ್ತಮೂರು ವರ್ಷ ಅಲ್ಲಿ ಒಂದೆರಡು ಪದ ಬರೆದದ್ದುಂಟು. ಅವತ್ತು ಗುಂಡಗಿನ ಅಕ್ಷರದಲ್ಲಿ ಇಪ್ಪತ್ತು ನಂಬರು, ಇಪ್ಪತ್ತು ಹೆಸರು, ಇಪ್ಪತ್ತು ಟಿಪ್ಪಣಿ ಇಳಿಸಿದಳು. ಶುಕ್ರವಾರ ಪುಸ್ತಕ ಮೇಲೆ ಹೋಯಿತು. ಶಾಖಾಧಿಕಾರಿ ಎಂದಿನಂತೆ ಎಲ್ಲಿ ಸಹಿ ಹಾಕಬೇಕೋ ಅಲ್ಲಿ ಹಾಕಿ ಕಳಿಸಿದರು.

“ನಾನೇನೂ ಕಳ್ಳತನ ಮಾಡ್ಲಿಲ್ಲ. ನಿಯಮ ಆ ಪುಸ್ತಕದ ಮೊದಲ ಪುಟದಲ್ಲೇ ಅಂಟಿಸಿದೆ. ಅಂಟಿಸಿದ್ದೂ ನಾನೇ,” ಎಂದು ಕಣ್ಣು ಮಿಟುಕಿಸುತ್ತಾಳೆ.

ಮುಂದಿನ ಸಲ ತಂತಿಯವನ ಜೊತೆ ಅವನ ಮಗಳು ಬಂದಳು. ಹೊಲಿಗೆ ಯಂತ್ರ ರಿಪೇರಿ ಮಾಡುವವಳು, ಉಗುರಿನ ಸಂದಿನಲ್ಲಿ ಯಾವಾಗಲೂ ಎಣ್ಣೆ. ಅಂಟಕ್ಕ ಅವಳನ್ನು ಪಕ್ಕಕ್ಕೆ ಕರೆದು ಯಾವ ಪುಸ್ತಕದ ಯಾವ ಪುಟದ ಪ್ರತಿ ಕೇಳಬೇಕು ಎಂದಷ್ಟೇ ಹೇಳಿದಳು. ಮಗಳು ಅರ್ಜಿ ಹಾಕಿದಳು. ಎರಡು ತಿಂಗಳ ಮೇಲೆ ಉತ್ತರ: ಅಂಥ ಪುಸ್ತಕವೇ ಇಲ್ಲ. ಮಗಳು ಬಿಡುವ ಪೈಕಿಯಲ್ಲ, ಮೇಲ್ಮನವಿ ಹಾಕಿದಳು. ವಿಚಾರಣೆಯ ದಿನ ಮೇಲ್ಮನವಿ ಕೇಳುವ ಅಧಿಕಾರಿಣಿಯ ಮೇಜಿಗೆ ‘ಇಲ್ಲದ’ ಪುಸ್ತಕ ಬಂತು, ಜೊತೆಗೆ ಶಾಖಾಧಿಕಾರಿಯ ಸಹಿಯಿದ್ದ ದುರಸ್ತಿ ಪುಸ್ತಕವೂ.

“ಈ ಸಹಿ ನಿಮ್ಮದೇನಾ?” ಎಂದು ಅಧಿಕಾರಿಣಿ ಕೇಳಿದರು.

“ನಂದೇ ಮೇಡಂ. ಆದ್ರೆ ಓದಿರ್ಲಿಲ್ಲ,” ಎಂದರು ಶಾಖಾಧಿಕಾರಿ.

“ಐವತ್ತು ವರ್ಷದಿಂದ ನೀವು ಯಾರೂ ಓದಿಲ್ಲ ಅಂತ ಕಾಣತ್ತೆ.”

ತಿದ್ದುಪಡಿಯ ಪತ್ರ ಏಳು ತಿಂಗಳ ನಂತರ ಸಾಧಾರಣ ಟಪಾಲಿನಲ್ಲಿ ಬಂತು. ಒಂದೂವರೆ ಸಾಲು. ‘ಗೈರುಹಾಜರು’ ಎಂಬಲ್ಲಿ ‘ಯುದ್ಧಕೈದಿ’ ಎಂದು ಓದಿಕೊಳ್ಳತಕ್ಕದ್ದು. ಕ್ಷಮಿಸಿ ಎಂಬ ಒಂದು ಮಾತಿಲ್ಲ. ಒಬ್ಬ ಮನುಷ್ಯನ ಇಡೀ ಯೌವನ, ಒಬ್ಬ ಹೆಂಗಸಿನ ಇಡೀ ಸಂಸಾರ, ಎಲ್ಲಕ್ಕೂ ಸೇರಿ ‘ಓದಿಕೊಳ್ಳತಕ್ಕದ್ದು’!

ತಂತಿಯವನು ಮಗಳಿಂದ ಮೂರು ಸಲ ಓದಿಸಿಕೊಂಡ. ಆಮೇಲೆ ಬೂಟು ಹಾಕಿಕೊಂಡು, ಮಗಳ ಭುಜ ಹಿಡಿದು ಅಣ್ಣನ ಮನೆಗೆ ಹೋದ. ಎಂಬತ್ತನಾಲ್ಕರ ಅಣ್ಣ ಕನ್ನಡಕ ತರಿಸಿಕೊಂಡು ಮನಸ್ಸಿನಲ್ಲೇ ಓದಿದ. “ಅವತ್ತು ಓದಿದ್ದೂ ನಾನೇ ಅಲ್ವೇನೋ,” ಎಂದ. ಸೊಸೆಯನ್ನು ಕರೆದು ಬೀದಿ ಬಾಗಿಲು ಪೂರ್ತಿ ತೆರೆಸಿದ. ಹೊಸ್ತಿಲಲ್ಲಿ ಕುರ್ಚಿ ಹಾಕಿಸಿಕೊಂಡು, ತಮ್ಮನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಆ ಒಂದೂವರೆ ಸಾಲನ್ನು ಕೂಗಿ ಓದಿದ. ಅವತ್ತು ಕೇಳಿದವರಲ್ಲಿ ಮುಕ್ಕಾಲು ಜನ ಬದುಕಿಲ್ಲ. ಎದುರು ಮನೆಯ ಬಾಡಿಗೆಯವರು ಏನು ವಿಷಯ ಎಂದು ಹೊರಗೆ ಬಂದರು. ಅಣ್ಣ ಅವರಿಗೂ ಇನ್ನೊಮ್ಮೆ ಓದಿ ಹೇಳಿದ. ಇದನ್ನು ನನಗೆ ಹೇಳುವಾಗ ಮಗಳು ಎಣ್ಣೆಗೈಯಲ್ಲೇ ಕಣ್ಣೊರೆಸಿಕೊಂಡಳು.

ಉಳಿದ ಹತ್ತೊಂಬತ್ತು ಮಂದಿಯ ಕಥೆ? ಪಟ್ಟಿ ಕಚೇರಿಯ ಕೈಯಲ್ಲೇ ಇದೆ, ತಪ್ಪು ಕಚೇರಿಯದೇ ಎಂದು ಸಾಬೀತಾಗಿದೆ. ಆದರೂ ಯಾರ ಕಡೆಯವರು ಅರ್ಜಿ ಹಾಕುತ್ತಾರೋ ಅವರದು ಮಾತ್ರ ತಿದ್ದುತ್ತಾರಂತೆ. ಕಚೇರಿಯ ದಾಖಲೆಯ ಪ್ರಕಾರ ಹತ್ತೊಂಬತ್ತರಲ್ಲಿ ಹದಿನಾಲ್ಕು ಜನ ತೀರಿಹೋಗಿದ್ದಾರೆ. “ಸತ್ತವರು ಅರ್ಜಿ ಹಾಕಲ್ಲ ಅಂತ ಸುಳ್ಳು ಹಾಗೇ ಬಿಡೋದಾ?” ಅಂಟಕ್ಕನ ದನಿ ಏರುವುದು ಇಲ್ಲಿ ಮಾತ್ರ. ಭಾನುವಾರಗಳಲ್ಲಿ ಕೂತು ಹಳೆ ವಿಳಾಸಗಳಿಗೆ ಅವಳೇ ಕಾರ್ಡು ಬರೆಯುತ್ತಾಳೆ. ಇದುವರೆಗೆ ಏಳು ಮನೆ ಸಿಕ್ಕಿವೆ. ಅಡುಗೆಯವನ ಹೆಂಡತಿ ಕಾರ್ಡು ಹಿಡಿದುಕೊಂಡೇ ಬಂದಿದ್ದರು. ಅವರ ಗಂಡ ಹೋಗಿ ಮೂರು ವರ್ಷ. “ಮೂರು ವರ್ಷ ಮುಂಚೆ ಇದು ಸಿಗಬಾರದಿತ್ತಾ ತಾಯಿ, ಅಂದ್ರು. ಕೂರಿಸಿ, ನೀರು ಕೊಟ್ಟು, ಅರ್ಜಿ ಬರೆದುಕೊಟ್ಟೆ.”

ಇಷ್ಟೆಲ್ಲ ಆದ ಮೇಲೆ ಶಿಕ್ಷೆಯಾಗಿದ್ದು ಯಾರಿಗೆ? ಗೋಂದು ಚೆಲ್ಲಿದವರು ಯಾರೋ ಗೊತ್ತಿಲ್ಲ. ಪುಸ್ತಕವೇ ಇಲ್ಲ ಎಂದವರು ಬಡ್ತಿ ಪಡೆದು ಬೇರೆ ಕಡೆ ಹೋದರು. ‘ಕರ್ತವ್ಯದ ವ್ಯಾಪ್ತಿ ಮೀರಿ ದಾಖಲೆ ಓದಿದ್ದಕ್ಕಾಗಿ, ಹೊರಗಿನವರಿಗೆ ತಿಳಿಸಿದ್ದಕ್ಕಾಗಿ’ ಮೆಮೊ ಬಂದಿದ್ದು ಅಂಟಕ್ಕನಿಗೆ. ಹೊಸ ಶಾಖಾಧಿಕಾರಿ ಒಳ್ಳೆಯವರು. ಕ್ಷಮಾಪಣೆ ಅಂತ ಎರಡು ಸಾಲು ಬರೆದುಕೊಡಿ ಅಕ್ಕ, ಮೆಮೊ ತೆಗೆಸಿಬಿಡ್ತೀನಿ ಎಂದರಂತೆ. ಇನ್ನು ಮೂರು ವರ್ಷಕ್ಕೆ ಮನೆಗೆ ಹೋಗುವವಳಿಗೆ ಕಪ್ಪು ಚುಕ್ಕೆ ಯಾಕೆ ಎಂಬುದು ಅವರ ಕಾಳಜಿ.

ಬರೆದುಕೊಟ್ಟಿರಾ ಎಂದು ಕೇಳಿದೆ. ಅಂಟಕ್ಕ ಕುಂಚವನ್ನು ನೀರಿಗೆ ಹಾಕಿ, ಕೈ ಒರೆಸಿಕೊಂಡು, ಮೊದಲ ಸಲ ನನ್ನ ಮುಖವನ್ನೇ ನೋಡುತ್ತ ಹೇಳಿದಳು:

“ಬೇಡ ಸಾರ್, ಅದು ನನ್ನ ಫೈಲಲ್ಲೇ ಇರ್ಲಿ ಅಂದೆ. ಅದ್ರಲ್ಲಿ ಬರ್ದಿರೋದೆಲ್ಲಾ ನಿಜ. ನಾನು ಓದಿದೀನಿ.”