ದ್ವೀಪದ ಪರ್ಮಿಟ್ ಬಂದಿತ್ತು

ಪರ್ಮಿಟ್ ಬಂದಿತ್ತು. ಬರಲಿಲ್ಲ ಎಂದು ನಾನು ಸುಳ್ಳು ಹೇಳಿದೆ. ಹೇಳಿದ್ದು ನನ್ನ ಗಂಡನಿಗೆ — ಮೂವತ್ತೊಂದು ವರ್ಷ ಜೊತೆಗೆ ಬಾಳಿದವರಿಗೆ. ಆರು ವರ್ಷಗಳ ಹಿಂದಿನ ಮಾತು. ಸಣ್ಣ ಸುಳ್ಳು ಎಂದು ನನಗೆ ನಾನೇ ಎಷ್ಟು ಸಲ ಹೇಳಿಕೊಂಡೆನೋ — ಸಣ್ಣದಾಗಿರಲಿಲ್ಲ.

ನಾನು ಮಂಗಳೂರಿನ ಒಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದವಳು. ಪ್ರತಿ ವರ್ಷ ಭೂಪಟದ ಮೇಲ್ತುದಿಗೆ ಕೋಲು ಇಟ್ಟು, "ಇಲ್ಲಿ ಚಳಿಗಾಲದಲ್ಲಿ ಕಡಲು ಹೆಪ್ಪುಗಟ್ಟುತ್ತದೆ, ಜನ ಅದರ ಮೇಲೆ ನಡೆದಾಡುತ್ತಾರೆ" ಎನ್ನುತ್ತಿದ್ದೆ. ಒಮ್ಮೆ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ನೀವು ನೋಡಿದ್ದೀರಾ?" ಎಂದು ಕೇಳಿದಳು. ಇಲ್ಲ ಎಂದೆ. ತರಗತಿಯೇ ನಕ್ಕಿತು. ಆ ನಗು ಎಷ್ಟೋ ವರ್ಷ ನನ್ನೊಳಗೆ ಇತ್ತು. ನಿವೃತ್ತಿಯಾದ ಮೇಲೆ ಹೆಲ್ಸಿಂಕಿಗೆ ಹೋಗಬೇಕು, ಆ ಕಡಲಿನ ಮೇಲೆ ಒಮ್ಮೆ ಕಾಲಿಡಬೇಕು — ಅಷ್ಟೇ ನನ್ನ ಆಸೆ.

ಗಂಡ ವಾಸುದೇವ ಮೀನುಗಾರರ ಮನೆತನದವರು. ಅವರು ಮಾತ್ರ ದೋಣಿ ಹತ್ತದೆ, ಬೋಟುಗಳಿಗೆ ಐಸ್ ಒದಗಿಸುವ ಪ್ಲಾಂಟ್ ಇಟ್ಟುಕೊಂಡವರು. ಅವರ ಆಸೆ ದ್ವೀಪಗಳದ್ದು. ಕೊಚ್ಚಿಯಿಂದ ಹಡಗು ಹತ್ತಿ ಲಕ್ಷದ್ವೀಪದ ಒಂದೊಂದೇ ದ್ವೀಪ ನೋಡುತ್ತ, ಕೊನೆಗೆ ಅಮಿನಿಯಲ್ಲಿ ಇಳಿಯಬೇಕು. ಅಮಿನಿಗೆ ಕಾರಣವಿತ್ತು. ನನ್ನ ಮಾವ ಯುವಕರಾಗಿದ್ದಾಗ ದೋಣಿ ಗಾಳಿಗೆ ಸಿಕ್ಕಿ, ದಿನಗಟ್ಟಲೆ ತೇಲಿ ಆ ದ್ವೀಪದ ದಡ ಸೇರಿದ್ದರಂತೆ. ಉಪ್ಪುನೀರಿಗೆ ಕೈಯ ಚರ್ಮ ಸುಲಿದುಹೋಗಿತ್ತು. ಒಂದು ಮನೆಯವರು ಅವರನ್ನು ತಿಂಗಳುಗಟ್ಟಲೆ ಸಾಕಿದರು. ಆ ಮನೆಯ ಪುಟ್ಟ ಹುಡುಗಿ ಕುಂಞಿಬಿ ದಿನವೂ ಅವರ ಬಾಯಿಗೆ ಗಂಜಿ ಹಾಕುತ್ತಿದ್ದಳು. ಸಾಯುವ ಮೊದಲು ಮಾವ ಮಗನ ಕೈ ಹಿಡಿದು, "ಒಮ್ಮೆ ಆ ಮನೆಗೆ ಹೋಗಿ ಬಾ" ಎಂದಿದ್ದರು.

ಅಮಿನಿಗೆ ಸರಕು ಕಳಿಸುವ ಹಮೀದ್ ಬ್ಯಾರಿ ಇವರ ಹಳೆಯ ಸ್ನೇಹಿತರು. ಅವರೇ ವಿಚಾರಿಸಿ ಹೇಳಿದರು: ಕುಂಞಿಬಿ ಇದ್ದಾರೆ, ಎಂಬತ್ತು ದಾಟಿದೆ, ನೀವು ಬರುತ್ತೀರೆಂದು ಕೇಳಿ ಅತ್ತರಂತೆ.

ಪ್ಲಾಂಟ್ ನೋಡಿಕೊಳ್ಳಲು ಮೈದುನ ಒಪ್ಪಿದ್ದು ಫೆಬ್ರವರಿಯ ಎರಡು ವಾರಗಳಿಗೆ ಮಾತ್ರ. ಮಳೆಗಾಲದಲ್ಲಿ ಬೋಟುಗಳು ದಡದಲ್ಲಿರುವಾಗ ಇವರಿಗೆ ಬಿಡುವುಂಟು. ಆದರೆ ಆಗ ದ್ವೀಪಗಳ ಕಡಲಿಗೆ ಇಳಿಯುವಂತಿಲ್ಲ, ಹೆಲ್ಸಿಂಕಿಯಲ್ಲಿ ಹಿಮವೂ ಇಲ್ಲ. ಎರಡರಲ್ಲಿ ಒಂದೇ ಆಗಬೇಕು. "ಈ ವರ್ಷ ಅಮಿನಿ, ಮುಂದಿನ ವರ್ಷ ನಿನ್ನ ಹೆಲ್ಸಿಂಕಿ. ಜನವರಿ ಕೊನೆಯೊಳಗೆ ಪರ್ಮಿಟ್ ಬರದಿದ್ದರೆ ಮಾತ್ರ ಉಲ್ಟಾ. ಆಯ್ತಾ?" ಎಂದರು. ಆಯ್ತು ಎಂದೆ. ಹೊರಗಿನವರು ಆ ದ್ವೀಪಗಳಿಗೆ ಕಾಲಿಡಲು ಬೇಕಾದ ಪರ್ಮಿಟ್ಟಿನ ಅರ್ಜಿ, ಫಿನ್ಲೆಂಡಿನ ವೀಸಾ — ಎರಡನ್ನೂ ನಾನೇ ಕಂಪ್ಯೂಟರಿನಲ್ಲಿ ತುಂಬಿದೆ.

ಜನವರಿಯ ಮೂರನೆಯ ವಾರ ಇ-ಮೇಲಿನಲ್ಲಿ ಪರ್ಮಿಟ್ ಬಂತು. ಇಬ್ಬರ ಹೆಸರೂ ಇತ್ತು. ನಾನು ಅದನ್ನು ಎರಡು ಸಲ ಓದಿದೆ. ಮುಂದಿನ ವರ್ಷ, ಮುಂದಿನ ವರ್ಷ — ಮದುವೆಯಾದಾಗಿನಿಂದ ಕೇಳಿದ ಮಾತು ಅದು... ಇಲ್ಲ, ಇದು ಕಾರಣವಲ್ಲ. ನನಗೆ ಬೇಕಿತ್ತು, ಅಷ್ಟೇ.

ಮಧ್ಯಾಹ್ನ ಊಟಕ್ಕೆ ಬಂದವರು ಕೈ ತೊಳೆಯುತ್ತ ಕೇಳಿದರು, "ಎಂತ, ಬಂತಾ?"

"ಇಲ್ಲ."

ಅವರು ಕೈ ಒರೆಸಿಕೊಂಡು ಊಟಕ್ಕೆ ಕೂತರು. ನಾನು ಮೀನಿನ ಸಾರು ಬಡಿಸಿದೆ. ಆ ರಾತ್ರಿ ಇ-ಮೇಲನ್ನು ಅಳಿಸಿದೆ. ಜನವರಿ ಮುಗಿಯಿತು, ವೀಸಾ ಬಂತು, ಬಜಪೆಯಿಂದ ವಿಮಾನ ಹತ್ತಿದೆವು.

ಹೆಲ್ಸಿಂಕಿಯ ಆ ಬೆಳಗನ್ನು ಹೇಗೆ ಹೇಳಲಿ? ಊರಿನ ರಸ್ತೆ ಮುಗಿದಲ್ಲಿ ಕಡಲು ಶುರುವಾಗಬೇಕಿತ್ತು. ಬಿಳಿ ಬಯಲು ಶುರುವಾಯಿತು. ತೆರೆ ಇಲ್ಲ, ಸದ್ದಿಲ್ಲ, ಉಪ್ಪಿನ ವಾಸನೆ ಕೂಡ ಇಲ್ಲ. ತಾಯಿಯೊಬ್ಬಳು ಮಗುವನ್ನು ಜಾರುಬಂಡಿಯಲ್ಲಿ ಕೂರಿಸಿ ಎಳೆದುಕೊಂಡು ಹೋಗುತ್ತಿದ್ದಳು — ಕಡಲಿನ ಮೇಲೆ! ದೂರದ ಪುಟ್ಟ ದ್ವೀಪಕ್ಕೆ ಜನ ನಡೆದೇ ಹೋಗಿ ಬರುತ್ತಿದ್ದರು. ನನ್ನ ಕಾಲು ಮುಂದೆ ಹೋಗಲಿಲ್ಲ. ಇಷ್ಟು ವರ್ಷ ಕಲಿಸಿದ ಪಾಠ ಕಾಲಡಿಯಲ್ಲಿ ನಿಜವಾಗಿ ನಿಂತಿತ್ತು.

ಇವರು ಮುಂದೆ ಹೋಗಿ, ಪ್ಲಾಂಟಿನಲ್ಲಿ ಐಸ್ ಗಟ್ಟಿಯಾಗಿದೆಯೇ ಎಂದು ನೋಡುವ ಹಾಗೆ, ಬೂಟಿನ ಹಿಮ್ಮಡಿಯಿಂದ ಎರಡು ಸಲ ಕುಟ್ಟಿದರು. ಮೊಣಕಾಲೂರಿದರು. ಕೈಗವಸು ತೆಗೆದು ಬರಿಗೈಯನ್ನು ಅದರ ಮೇಲಿಟ್ಟರು. ತಿರುಗಿದಾಗ ಮುಖ ಮಕ್ಕಳ ಮುಖದಂತಿತ್ತು.

"ಕರೆಂಟ್ ಇಲ್ಲ, ಅಮೋನಿಯ ಇಲ್ಲ, ಕಂಪ್ರೆಸರ್ ಇಲ್ಲ — ಇಷ್ಟು ಐಸ್! ನಾವೆಲ್ಲ ಎಂತ ಐಸ್ ಮಾಡುವುದು ಮಾರಾಯ್ತಿ!"

ಸ್ವಲ್ಪ ಆಚೆಗೆ ಮುದುಕರೊಬ್ಬರು ಐಸಿಗೆ ತೂತು ಕೊರೆದು ಗಾಳ ಬಿಟ್ಟು ಕುಳಿತಿದ್ದರು. ಇವರು ಹೋಗಿ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತರು. ಇಬ್ಬರಿಗೂ ಇನ್ನೊಬ್ಬರ ಭಾಷೆ ಗೊತ್ತಿಲ್ಲ. ಬಹಳ ಹೊತ್ತಿನ ಮೇಲೆ ಅಂಗೈಯಗಲದ ಒಂದು ಮೀನು ಬಂತು. ಮುದುಕರು ಅದನ್ನು ಇವರ ಕೈಗೆ ಕೊಟ್ಟರು. ಜೀವಂತ ಮೀನು, ಆ ಬಿಳುಪಿನ ಅಡಿಯಿಂದ! ಕೆಳಗೆ ಕಡಲು ಕಡಲಾಗಿಯೇ ಇತ್ತು.

ಮರಳಿ ನಡೆಯುವಾಗ ಇವರು ಹೇಳಿದರು: "ಆ ಪರ್ಮಿಟ್ ಬರಲಿಲ್ಲವಲ್ಲ, ಅದು ದೇವರೇ ತಡೆದದ್ದು. ನನಗೆ ಇದನ್ನು ತೋರಿಸಬೇಕು ಅಂತ ಇತ್ತು."

ಆ ವಿಸ್ತಾರದ ನಡುವೆ ನಾನು ಎಷ್ಟು ಸಣ್ಣವಳಾದೆ... ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಅವರ ಸಂತೋಷ ಹಾಳಾದೀತು ಎಂದುಕೊಂಡೆ. ಹೆದರಿದ್ದು ನನ್ನ ಬಗ್ಗೆ.

ಊರಿಗೆ ಬಂದ ನಾಲ್ಕನೆಯ ದಿನ ಹಮೀದ್ ಬ್ಯಾರಿ ಬೋಳಾರದ ನಮ್ಮ ಮನೆಗೆ ಬಂದರು. ಚಹಾ ಮುಟ್ಟಲಿಲ್ಲ. "ಕುಂಞಿಬಿ ಹೋದರು ವಾಸಣ್ಣ. ನೀವು ಆ ಐಸಿನ ಊರಿನಲ್ಲಿದ್ದಾಗಲೇ."

ಇವರು ತಲೆ ತಗ್ಗಿಸಿದರು. "ಎಂತ ಮಾಡುವುದು ಬ್ಯಾರಿಗಳೇ, ಪರ್ಮಿಟೇ ಬರಲಿಲ್ಲ" ಎಂದು, ತಾವು ಮಾಡದ ತಪ್ಪಿಗೆ ಕೈಮುಗಿದರು. ನಾನು ಬಾಗಿಲ ಬಳಿ ನಿಂತಿದ್ದೆ.

ಮರುವರ್ಷ ಅಮಿನಿಗೆ ಹೋದೆವು. ಹಡಗಿನಿಂದ ದೋಣಿಗಿಳಿದಾಗ ನೀರು ಎಷ್ಟು ತಿಳಿಯಾಗಿತ್ತೆಂದರೆ ದೋಣಿಯ ನೆರಳು ಕೆಳಗಿನ ಮರಳಿನ ಮೇಲೆ ನಮ್ಮ ಜೊತೆಗೇ ಬರುತ್ತಿತ್ತು. ಒಂದು ಕಡಲು ಕಲ್ಲಾಗಿ, ಇನ್ನೊಂದು ಕಡಲು ಗಾಜಾಗಿ — ಒಂದೇ ಜನ್ಮದಲ್ಲಿ ಎರಡನ್ನೂ ಕಂಡೆ. ಆದರೆ ನನ್ನನ್ನು ಮೂಕಳನ್ನಾಗಿ ಮಾಡಿದ್ದು ಕಡಲಲ್ಲ. ಕುಂಞಿಬಿಯ ಮಗಳು ಮರಿಯಂ ನಮ್ಮನ್ನು ಬಾವಿಯ ಬಳಿಗೆ ಕರೆದೊಯ್ದು ಒಂದು ತೆಂಗಿನ ಮರ ತೋರಿಸಿದಳು. ಮಾವ ಹೊರಡುವ ಮೊದಲು ನೆಟ್ಟ ಸಸಿಯಂತೆ. ಅದಕ್ಕೆ ಆ ಮನೆಯಲ್ಲಿ ಇಂದಿಗೂ ಮಂಗಳೂರಿನವನ ಮರ ಎಂದೇ ಹೆಸರು. ಯಾರೆಂದೇ ತಿಳಿಯದ ಒಬ್ಬ ಮನುಷ್ಯನನ್ನು ಒಂದು ಮನೆ ಎಪ್ಪತ್ತಕ್ಕೂ ಹೆಚ್ಚು ವರ್ಷ ಮರೆತಿರಲಿಲ್ಲ! ಇವರು ಆ ಮರವನ್ನು ತಬ್ಬಿಕೊಂಡು ಅತ್ತರು.

ಹಮೀದ್ ಬ್ಯಾರಿ ನಮ್ಮ ಜೊತೆಗೇ ಬಂದಿದ್ದರು. ಮರಿಯಂ ಹೇಳಿದ್ದನ್ನು ಕನ್ನಡದಲ್ಲಿ ತಿಳಿಸಿದರು: "ಹಡಗು ಬಂದ ದಿನವೆಲ್ಲ ಅವಳ ಉಮ್ಮ, ಕುಂಞಿಬಿ, ಕೇಳ್ತಿದ್ದರಂತೆ, ಅವನ ಮಗ ಬಂದನಾ ಅಂತ." ಮರಿಯಂ ನನ್ನ ಕೈ ಹಿಡಿದು, ನೀವಾದರೂ ಬಂದಿರಲ್ಲ ಎಂದಳು. ಆ ಕೈಯನ್ನು ಬಿಡಿಸಿಕೊಳ್ಳಲಾರದೆ, ಬಾಯಿ ಬಿಡಲಾರದೆ ನಿಂತೆ.

ಗಂಡನಿಗೆ ಹೇಳಿದ್ದು ಈ ವರ್ಷ, ಮೇ ತಿಂಗಳ ಒಂದು ಸಂಜೆ. ಅವರು ಜಗಲಿಯಲ್ಲಿ ಕೂತು, ಐಸಿನ ಕಡಲಿನ ಕಥೆಯನ್ನು ಫೋನಿನಲ್ಲಿ ಯಾರಿಗೋ ಹೇಳಿ, "ಅದು ದೇವರೇ ತಡೆದದ್ದು" ಎಂದು ಮುಗಿಸಿದ್ದರು. ನೂರನೆಯ ಸಲವೋ ಏನೋ. ನನಗೆ ಇನ್ನು ಕೇಳಲಾಗಲಿಲ್ಲ.

"ದೇವರಲ್ಲ, ನಾನು. ಪರ್ಮಿಟ್ ಬಂದಿತ್ತು."

ಅವರು ನನ್ನನ್ನೇ ನೋಡಿದರು. "ಬಂದಿತ್ತಾ?"

"ಬಂದಿತ್ತು."

"ಒಂದು ಮಾತು ಹೇಳಿದ್ದರೆ... ನಾನೇ ನಿನ್ನನ್ನು ಹೆಲ್ಸಿಂಕಿಗೆ ಕಳಿಸ್ತಿದ್ದೆ. ಒಬ್ಬನೇ ಅಮಿನಿಗೆ ಹೋಗ್ತಿದ್ದೆ." ಮತ್ತೆ ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಬಯ್ಯಲಿಲ್ಲ. ಊಟದ ಹೊತ್ತಿಗೆ ಬಂದರು, ಊಟ ಮಾಡಿದರು. ಈಗಲೂ ಮಾತಾಡುತ್ತಾರೆ — ಎಲ್ಲವನ್ನೂ, ಆ ಕಡಲೊಂದನ್ನು ಬಿಟ್ಟು. ಅದರ ಕಥೆಯನ್ನು ಆಮೇಲೆ ಯಾರಿಗೂ ಹೇಳಿಲ್ಲ.

ಕಳೆದ ತಿಂಗಳು ಬಿಕರ್ನಕಟ್ಟೆಯ ಬಳಿ ಒಂದು ಮದುವೆಯಲ್ಲಿ ನೆಂಟರೊಬ್ಬರು ಕುರ್ಚಿ ಎಳೆದುಕೊಂಡು ಕೂತರು. "ವಾಸಣ್ಣ, ನೀವು ಕಡಲಿನ ಮೇಲೆ ನಡೆದ ಕಥೆ ಹೇಳಿ. ನಮ್ಮ ಅಳಿಯ ಅದನ್ನು ಕೇಳಿಲ್ಲ."

ಇವರು ನನ್ನ ಕಡೆ ತಿರುಗಿದರು. ಸಿಟ್ಟಿರಲಿಲ್ಲ ಆ ಕಣ್ಣಿನಲ್ಲಿ. "ಅದು ಇವಳು ಹೇಳ್ತಾಳೆ. ಇವಳಿಗೆ ಪೂರ್ತಿ ಗೊತ್ತುಂಟು."

ಅಂದು ನಾನು ಬೇರೆ ಏನೋ ಮಾತಾಡಿ ಎದ್ದುಬಂದೆ. ಡಿಸೆಂಬರಿನಲ್ಲಿ ಅಮಿನಿಗೆ ಹೋಗುವ ಹಡಗಿಗೆ ಟಿಕೆಟ್ ಮಾಡಿಸಿದ್ದೇನೆ, ಒಂದೇ ಟಿಕೆಟ್. ಮರಿಯಂಳ ಎದುರು ಕೂತು ಹೇಳಬೇಕು. ಹಮೀದ್ ಬ್ಯಾರಿಯ ಬಳಿ, ಪರ್ಮಿಟ್ ಬಂದಿತ್ತು ಎಂಬ ಆ ಒಂದು ವಾಕ್ಯವನ್ನು ಅವಳ ಭಾಷೆಯಲ್ಲೇ ಕಲಿಯುತ್ತಿದ್ದೇನೆ.